ಬಿಟ್ಟುಹೋದ ಸಂಖ್ಯೆಗಳು

ಪ್ರಶ್ನೆ: ನನ್ನ ತಾಯಿ ಮೂರು ತಿಂಗಳ ಹಿಂದೆ ತೀರಿಕೊಂಡರು. ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ಉಪಕುಲಸಚಿವರಾಗಿ ನಿವೃತ್ತರಾದವರು. ನಮ್ಮ ಕ್ರೈಸ್ತ ಸಭೆಯಲ್ಲಿ ಅಷ್ಟೇ ವರ್ಷ ಮಕ್ಕಳಿಗೆ ಭಾನುವಾರದ ಶಾಲೆ ನಡೆಸಿದವರು. ಮುಂದಿನ ತಿಂಗಳು ಸ್ಮರಣೆಯ ಆರಾಧನೆ ಇದೆ. ಹತ್ತು ನಿಮಿಷ ಮಾತನಾಡಲು ಸಭಾಪಾಲಕರು ನನಗೆ ಹೇಳಿದ್ದಾರೆ. ಅದೇ ಹೊತ್ತಿಗೆ ನಿವೃತ್ತ ನೌಕರರ ಸಂಘದವರು ತಮ್ಮ ಸಂಚಿಕೆಗೆ ಒಂದು ಪುಟ ಕೇಳಿದ್ದಾರೆ. ದೇವಾಲಯದಲ್ಲಿ ಕಚೇರಿಯ ಪುರಾಣ ಬೇಡ ಎನ್ನುತ್ತಾನೆ ಅಣ್ಣ. ಧರ್ಮದ ವಿಷಯ ಬೇಡವೆಂದು ಸಂಘದವರು ನಯವಾಗಿ ಸೂಚಿಸಿದ್ದಾರೆ. ಬರೆಯಲು ಕುಳಿತರೆ ಇಬ್ಬರು ಬೇರೆ ಬೇರೆ ಹೆಂಗಸರ ಬಗ್ಗೆ ಬರೆದಂತೆ ಆಗುತ್ತಿದೆ, ಇಬ್ಬರಲ್ಲಿ ಒಬ್ಬರೂ ನನ್ನ ಅಮ್ಮ ಅಲ್ಲ. ಏನು ಮಾಡಲಿ?
— ಹೆಸರು ಬೇಡ, ಬೆಳಗಾವಿ

ಉತ್ತರ: ಪತ್ರದ ಜೊತೆ ಕಳಿಸಿದ ಎರಡೂ ಕರಡುಗಳನ್ನು ಓದಿದೆ. ಒಂದರಲ್ಲಿ ನಿಮ್ಮ ತಾಯಿ ದೈವಭಕ್ತೆ, ಪ್ರಾರ್ಥನಾಶೀಲೆ, ಆದರ್ಶ ಮಾತೆ. ಇನ್ನೊಂದರಲ್ಲಿ ದಕ್ಷ ಅಧಿಕಾರಿ, ಶಿಸ್ತಿನ ಸಿಪಾಯಿ, ಅಜಾತಶತ್ರು. ಪರೀಕ್ಷಾ ವಿಭಾಗದಲ್ಲಿ ಮೂವತ್ತೆರಡು ವರ್ಷ ಕುಳಿತವರಿಗೆ ಒಬ್ಬ ಶತ್ರುವೂ ಇರಲಿಲ್ಲವೆಂದರೆ ಅವರು ಕೆಲಸವನ್ನೇ ಮಾಡಲಿಲ್ಲವೆಂದು ಅರ್ಥ. ಆ ಪದವನ್ನು ಇವತ್ತೇ ಹೊಡೆದುಹಾಕಿ. ‘ತುಂಬಲಾರದ ನಷ್ಟ’ವನ್ನೂ.

ನಿಮಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನನ್ನ ಅವ್ವನೂ ನಿಮ್ಮ ತಾಯಿಯಂಥವಳೇ. ಹುಟ್ಟಿದ್ದು 1934ರಲ್ಲಿ, ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆಯಲ್ಲಿ. ಅಲ್ಲಿಯವರ ಬಾಯಲ್ಲಿ ಅದು ಜರ್ಮನ್ ಆಸ್ಪತ್ರೆ. ನನ್ನ ಅಜ್ಜ ಮಿಶನ್ ಶಾಲೆಯ ಮಾಸ್ತರ. ಅವ್ವ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎ. ಮುಗಿಸಿ 1957ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗುಮಾಸ್ತೆಯಾದಳು. 1949ರಲ್ಲಿ ಮುಂಬಯಿಯಲ್ಲಿ ಕಣ್ಣುಬಿಟ್ಟು ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ ಅದು, ಆಗಿನ್ನೂ ಎಂಟು ವರ್ಷದ ಕೂಸು. ಗಣಿತದ ವಿದ್ವಾಂಸ ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದ ಕಾಲ. ಈಗ ಆ ಆವರಣಕ್ಕೇ ಪಾವಟೆ ನಗರ ಎಂದು ಹೆಸರು. ಗುಡ್ಡದ ಮೇಲಿನ ಆ ಕಚೇರಿಯಲ್ಲಿ ಮೂವತ್ತೈದು ವರ್ಷ ಕಳೆದು, 1992ರಲ್ಲಿ ಉಪಕುಲಸಚಿವೆಯಾಗಿ ಕೆಳಗಿಳಿದು ಬಂದಳು. 2014ರ ಮಳೆಗಾಲದಲ್ಲಿ, ನಮ್ಮ ಸಭೆಯ ಮಾತಿನಲ್ಲಿ ಹೇಳುವುದಾದರೆ, ಕರ್ತನಲ್ಲಿ ನಿದ್ರೆಹೋದಳು.

ಆಕೆಯ ಸ್ಮರಣೆಯ ಆರಾಧನೆಯಲ್ಲಿ ನಾನೂ ಮಾತನಾಡಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಬಾಯಿ, ಮಾತಿಗೇನು ಬರ? ಸತ್ಯವೇದದ, ಅಂದರೆ ಬೈಬಲಿನ, ಜ್ಞಾನೋಕ್ತಿಗಳ 31ನೆಯ ಅಧ್ಯಾಯದಲ್ಲಿ ಬರುವ ಗುಣವತಿಯಾದ ಹೆಂಡತಿಯ ವರ್ಣನೆಯನ್ನು ಅವ್ವನಿಗೆ ಹೊಂದಿಸಿ ಹನ್ನೆರಡು ನಿಮಿಷ ಮಾತನಾಡಿದೆ. ನಮ್ಮಲ್ಲಿ ಯಾವ ಹೆಂಗಸು ತೀರಿಕೊಂಡರೂ ಆ ಅಧ್ಯಾಯವನ್ನೇ ಓದುತ್ತೇವೆ, ಸಿದ್ಧ ಉಡುಪಿನ ಹಾಗೆ ಎಲ್ಲರಿಗೂ ಆಗುತ್ತದೆ. ಮುಗಿದ ಮೇಲೆ ಎಲ್ಲರೂ ಕೈಕುಲುಕಿದರು. ಹೊರಗೆ ಹುಣಸೆಮರದ ಕೆಳಗೆ ಅವ್ವನ ವಿಭಾಗದಲ್ಲಿ ಜವಾನರಾಗಿದ್ದ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ನಿಂತಿದ್ದರು. ಒಳಗೆ ಬರಲು ಸಂಕೋಚಪಟ್ಟು ಕಿಟಕಿಯ ಹತ್ತಿರ ನಿಂತೇ ಕೇಳಿಸಿಕೊಂಡಿದ್ದರು. “ಛಲೋ ಮಾತನಾಡಿದಿರಿ ಸರ್. ಆದರೆ ಬಾಯಿಯವರ ಅರಗಿನ ವಿಷಯ ಬರಲೇ ಇಲ್ಲವಲ್ಲ” ಎಂದರು.

ಅರಗು! ನಾನು ಅದನ್ನು ಹೇಗೆ ಮರೆತೆನೋ.

ಆ ಕಾಲದಲ್ಲಿ ಪ್ರಶ್ನೆಪತ್ರಿಕೆಯ ಲಕೋಟೆಗಳನ್ನೂ ಉತ್ತರಪತ್ರಿಕೆಯ ಗಂಟುಗಳನ್ನೂ ಮಾದರಪಾಟಿನ ಬಟ್ಟೆಯಲ್ಲಿ ಹೊಲಿದು, ದಾರದ ಗಂಟಿನ ಮೇಲೆ ಮೇಣದಬತ್ತಿಯ ಉರಿಗೆ ಕರಗಿಸಿದ ಕೆಂಪು ಅರಗು ಸುರಿದು, ಅದು ಆರುವ ಮೊದಲೇ ಹಿತ್ತಾಳೆಯ ಮುದ್ರೆ ಒತ್ತಬೇಕಿತ್ತು. ಒಂದು ಕ್ಷಣ ತಡವಾದರೆ ಅಕ್ಷರ ಮೂಡುವುದಿಲ್ಲ, ಅವಸರ ಮಾಡಿದರೆ ಅರಗು ಮುದ್ರೆಗೇ ಅಂಟಿಕೊಂಡು ಬರುತ್ತದೆ. ಇದು ಜವಾನರ ಕೆಲಸ. ಅವ್ವ ಸೂಪರಿಂಟೆಂಡೆಂಟ್ ಆದ ಮೇಲೂ, ಸಹಾಯಕ ಕುಲಸಚಿವೆ ಆದ ಮೇಲೂ, ತಾನು ಸಹಿ ಮಾಡಿದ ಗಂಟಿನ ಮೇಲೆ ತಾನೇ ಮುದ್ರೆ ಒತ್ತುತ್ತಿದ್ದಳಂತೆ. “ಸಹಿ ನನ್ನದು, ಮುದ್ರೆ ನಿನ್ನದು ಎಂದರೆ ನಾಳೆ ಬಯ್ಗುಳ ನಿನಗೆ ಬೀಳುತ್ತದೆ” ಎಂದು ಆ ಹಿರಿಯರಿಗೆ ಹೇಳಿದ್ದಳಂತೆ. ಆಕೆಯ ಬಲಗೈ ಹೆಬ್ಬೆರಳಿನ ಬದಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಸುಟ್ಟ ಕಲೆಗಳು ನಾಲ್ಕೈದು ಇದ್ದವು. ಒಲೆಯ ಕೆಲಸದಲ್ಲಿ ಆದವೆಂದು ನಾವು ತಿಳಿದುಕೊಂಡಿದ್ದೆವು.

ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ. ಅಪ್ಪ ಸತ್ಯವೇದ ಓದುತ್ತಿದ್ದರು, ಅವ್ವ ಪ್ರಾರ್ಥಿಸುತ್ತಿದ್ದಳು. ಕೊನೆಯಲ್ಲಿ ನಮ್ಮ ಮೂವರ ತಲೆಯ ಮೇಲೂ ಒಂದೊಂದು ಸಲ ಕೈ ಇಡುತ್ತಿದ್ದಳು. ಪರೀಕ್ಷೆಯ ತಿಂಗಳುಗಳಲ್ಲಿ ಆ ಕೈಗೆ ಅರಗಿನ ವಾಸನೆ ಇರುತ್ತಿತ್ತು, ಸೋಪಿಗೂ ಹೋಗುತ್ತಿರಲಿಲ್ಲ. ಈಗಲೂ ಎಲ್ಲಿಯಾದರೂ ಅರಗು ಕರಗಿಸುವ ವಾಸನೆ ಬಂದರೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂಚೆ ಕಚೇರಿಯ ಕಿಟಕಿಯ ಮುಂದೆ ಒಮ್ಮೆ ಹಾಗೆ ನಿಂತು ಹಿಂದಿನವರಿಂದ ಬೈಸಿಕೊಂಡಿದ್ದೇನೆ. ಇದನ್ನು ದೇವಾಲಯದಲ್ಲಿ ಹೇಳಬೇಕೇ, ಸಂಘದ ಸಂಚಿಕೆಯಲ್ಲಿ ಬರೆಯಬೇಕೇ? ನೀವೇ ಹೇಳಿ.

ನಿಮ್ಮ ಅಣ್ಣನಿಗೆ ಒಂದು ಕೆಲಸ ಕೊಡಿ. ನಾನು ದುರುಪಯೋಗ ಮಾಡಿದ ಆ 31ನೆಯ ಅಧ್ಯಾಯವನ್ನೇ ತೆರೆದು, ಹತ್ತನೆಯ ವಚನದಿಂದ ಕೊನೆಯವರೆಗೆ ಪೆನ್ಸಿಲ್ ಹಿಡಿದು ಓದಲಿ. ಆ ಹೆಂಗಸು ಉಣ್ಣೆ ಹುಡುಕುತ್ತಾಳೆ, ಕತ್ತಲಿರುವಾಗಲೇ ಎದ್ದು ಆಳುಗಳಿಗೆ ಕೆಲಸ ಹಂಚುತ್ತಾಳೆ, ವಿಚಾರ ಮಾಡಿ ಹೊಲ ಕೊಳ್ಳುತ್ತಾಳೆ, ನೇಯ್ದದ್ದನ್ನು ವ್ಯಾಪಾರಿಗಳಿಗೆ ಮಾರುತ್ತಾಳೆ, ರಾತ್ರಿ ದೀಪ ಆರಿಸುವುದಿಲ್ಲ. ಆಕೆ ದೇವರಿಗೆ ಭಯಪಡುವವಳೆಂಬ ಮಾತು ಬರುವುದು ಮೂವತ್ತನೆಯ ವಚನದಲ್ಲಿ. ಅದಕ್ಕೂ ಹಿಂದಿನ ಇಪ್ಪತ್ತು ವಚನಗಳ ತುಂಬ ಆಕೆಯ ದುಡಿಮೆ ಮತ್ತು ಆಡಳಿತ. ಮೊಣಕಾಲೂರಿದಳೆಂದು ಒಂದು ಕಡೆಯೂ ಇಲ್ಲ. ಕಚೇರಿಯ ಪುರಾಣ ಬೇಡವೆನ್ನುವವರು ಮೊದಲು ಅದನ್ನು ಸತ್ಯವೇದದಿಂದ ಹರಿದು ತೆಗೆಯಬೇಕಾಗುತ್ತದೆ.

ಸಂಘದವರ ಅಳುಕು ಬೇರೆ. ಅವರು ಬೇಡವೆನ್ನುವುದು ಬೋಧನೆಯನ್ನು, ಅದನ್ನು ನಾನೂ ಬೇಡವೆನ್ನುತ್ತೇನೆ. ನಡೆದದ್ದನ್ನು ನಡೆದಂತೆ ಬರೆದರೆ ಯಾರೂ ಹೊಡೆದುಹಾಕುವುದಿಲ್ಲ.

ನಿಮ್ಮ ಕರಡುಗಳಲ್ಲಿ ಇಲ್ಲದ ಇನ್ನೊಂದು ವಿಷಯವಿದೆ, ಅದು ನಿಮ್ಮ ಸಿಟ್ಟು. ಮೂವತ್ತೆರಡು ವರ್ಷ ಕಚೇರಿಗೆ, ಅಷ್ಟೇ ವರ್ಷ ಸಭೆಗೆ ಕೊಟ್ಟವರ ಮನೆಯಲ್ಲಿ ಮಕ್ಕಳಿಗೆ ಒಮ್ಮೆಯೂ ಸಿಟ್ಟು ಬರಲಿಲ್ಲವೆಂದರೆ ನಾನು ನಂಬುವುದಿಲ್ಲ. ನನ್ನದನ್ನು ಹೇಳುತ್ತೇನೆ.

1979ರಲ್ಲಿ ನಾನು ಬಿ.ಎಸ್ಸಿ. ಎರಡನೆಯ ವರ್ಷದ ಸಂಖ್ಯಾಶಾಸ್ತ್ರದಲ್ಲಿ ನಪಾಸಾದೆ. ಆರು ಅಂಕ ಕಡಿಮೆ. ಅವ್ವ ಆಗ ಅದೇ ಪರೀಕ್ಷಾ ವಿಭಾಗದಲ್ಲಿ ಅಧಿಕಾರಿ. ಆದರೆ ನಾನು ಕಾಲೇಜು ಸೇರಿದ ವರ್ಷವೇ ಆಕೆ ‘ನನ್ನ ಮಗ ಪರೀಕ್ಷೆಗೆ ಕುಳಿತಿದ್ದಾನೆ’ ಎಂದು ಮೇಲಿನವರಿಗೆ ಬರೆದುಕೊಟ್ಟು, ಬಿ.ಎಸ್ಸಿ. ಕಡತಗಳಿಂದ ದೂರ ಸರಿದಿದ್ದಳು. ಹೀಗಾಗಿ ನನ್ನ ಫಲಿತಾಂಶ ಆಕೆಗೆ ತಿಳಿದದ್ದು ಊರಿಗೆಲ್ಲ ತಿಳಿದ ಹಾಗೆಯೇ, ಬೆಳಗಿನ ಪತ್ರಿಕೆಯಲ್ಲಿ. ಆಗ ಪಾಸಾದವರ ನೋಂದಣಿ ಸಂಖ್ಯೆಗಳು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ನನ್ನ ಹಿಂದಿನ ಸಂಖ್ಯೆ ಇತ್ತು, ಮುಂದಿನದೂ ಇತ್ತು. ನಡುವೆ ಒಂದು ಅಲ್ಪವಿರಾಮ.

ಅಂಕಗಳ ಮರುಎಣಿಕೆ ಮಾಡಿಸಬಹುದೇ ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಅರ್ಜಿಯ ನಮೂನೆ ಎರಡನೆಯ ಕಿಟಕಿಯಲ್ಲಿ ಸಿಗುತ್ತದೆ. ಚಲನ್ ಬ್ಯಾಂಕಿನಲ್ಲಿ ಕಟ್ಟಬೇಕು. ಶುಕ್ರವಾರ ಕೊನೆಯ ದಿನ.” ಅಷ್ಟೇ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಗುರುವಾರ ನಾನು ಆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಶಿರಸಿಯಿಂದ ರಾತ್ರಿ ಬಸ್ಸಿಗೆ ಬಂದ ಹುಡುಗನೊಬ್ಬ ಗೋಡೆಗೆ ಒರಗಿ ನಿದ್ದೆ ಹೊಡೆಯುತ್ತಿದ್ದ. ಅವ್ವ ಕಡತಗಳನ್ನು ಎದೆಗೆ ಒತ್ತಿಕೊಂಡು ಮೊಗಸಾಲೆಯಲ್ಲಿ ಬಂದಳು. ನನ್ನನ್ನು ನೋಡಿದಳು, ನಿಲ್ಲಲಿಲ್ಲ. ಆ ಹುಡುಗನನ್ನು ಮಾತ್ರ ಎಬ್ಬಿಸಿ, “ಚಲನ್ ಕಟ್ಟಿದ್ದೀಯೇನಪ್ಪ? ಬ್ಯಾಂಕು ಎರಡಕ್ಕೆ ಮುಚ್ಚುತ್ತದೆ” ಎಂದು ಹೇಳಿ ಹೋದಳು. ಮರುಎಣಿಕೆಯಲ್ಲಿ ನನಗೆ ಒಂದು ಅಂಕವೂ ಏರಲಿಲ್ಲ. ಎರಡು ವರ್ಷ ನಾನು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಗಿರುತ್ತಿದ್ದೆ. ಅವ್ವ ಒಂದು ದಿನವೂ ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ಅದಕ್ಕೂ ನನಗೆ ಸಿಟ್ಟಿತ್ತು.

ತೀರಿಕೊಂಡ ಮೇಲೆ ಆಕೆಯ ಸತ್ಯವೇದ ನನ್ನ ಪಾಲಿಗೆ ಬಂತು. ರಟ್ಟು ಕಿತ್ತು ಹೋಗಿ, ವಿಶ್ವವಿದ್ಯಾಲಯದ ಹಳೆಯ ಕಡತದ ಕಂದು ರಟ್ಟನ್ನೇ ಕತ್ತರಿಸಿ ಹೊಲಿದದ್ದು. (ನಿರುಪಯೋಗಿ ರಟ್ಟೇ ಇರಬೇಕು. ಬೇರೆಯದನ್ನು ತರುವ ಹೆಂಗಸಲ್ಲ.) ಕೊನೆಯ ಖಾಲಿ ಹಾಳೆಗಳಿಗೆ ಅಂಟಿಸಿದ್ದ ಚೀಟಿಗಳಲ್ಲಿ ಬರೀ ಸಂಖ್ಯೆಗಳು. ಮೇಲೆ ವರ್ಷ, ಪಕ್ಕದಲ್ಲಿ ಒಂದು ಊರು: ಕಾರವಾರ, ಗದಗ, ವಿಜಾಪುರ, ಬಾಗಲಕೋಟೆ. ಮೊದಲು ಸಭೆಯ ಕಾಣಿಕೆಯ ಲೆಕ್ಕವೆಂದುಕೊಂಡೆ. ಆ ಸಂಖ್ಯೆಗಳು ಏರುತ್ತ ಹೋಗುವ ರೀತಿ ನೋಡಿದಾಗ ಹೊಳೆಯಿತು. ಪತ್ರಿಕೆಯಲ್ಲಿ ಅಚ್ಚಾದ ಸಾಲುಗಳ ನಡುವೆ ಬಿಟ್ಟುಹೋದ ಸಂಖ್ಯೆಗಳು ಅವು. ನಪಾಸಾದವರು, ಪರೀಕ್ಷೆಗೆ ಬಾರದವರು, ಫಲಿತಾಂಶ ತಡೆಹಿಡಿದವರು. ವರ್ಷಕ್ಕೆ ಒಂದು ಕೇಂದ್ರ. ಎಲ್ಲ ಕೇಂದ್ರಗಳನ್ನೂ ಬರೆದುಕೊಂಡಿದ್ದರೆ ಸತ್ಯವೇದವೇ ಸಾಲುತ್ತಿರಲಿಲ್ಲ. ಬೆಳಗಿನ ಜಾವ ಅಡಿಗೆಮನೆಯಲ್ಲಿ ತುಟಿ ಅಲ್ಲಾಡಿಸುತ್ತ ಕುಳಿತಿರುತ್ತಿದ್ದಳಲ್ಲ, ಕೀರ್ತನೆ ಬಾಯಿಪಾಠ ಮಾಡುತ್ತಿದ್ದಾಳೆಂದು ನಾವು ಅಂದುಕೊಂಡಿದ್ದೆವು. ಹೆಸರುಗಳನ್ನು ಬಲ್ಲ ಕುರ್ಚಿಯಲ್ಲಿ ಕುಳಿತಿದ್ದರೂ ಅವ್ವ ದೇವರ ಮುಂದೆಯೂ ಹೆಸರು ಬಾಯಿಬಿಡಲಿಲ್ಲ. ಊರಿಗೆಲ್ಲ ಗೊತ್ತಾದ ಸಂಖ್ಯೆಗಳನ್ನಷ್ಟೇ ಒಪ್ಪಿಸಿದಳು.

1979ರ ಚೀಟಿಯ ಪಕ್ಕದಲ್ಲಿ ಬರೆದ ಊರು ಧಾರವಾಡ. ಮೇಲಿನಿಂದ ಹದಿನಾಲ್ಕನೆಯದು ನನ್ನ ಸಂಖ್ಯೆ. ಅಡಿಗೆರೆ ಇಲ್ಲ, ಗುರುತು ಇಲ್ಲ, ಹದಿಮೂರನೆಯದರಷ್ಟೇ ದಪ್ಪ ಅಕ್ಷರ. ಆ ವರ್ಷ ಸರದಿ ಧಾರವಾಡದ್ದೇ ಇತ್ತೋ, ನನಗಾಗಿ ಸರದಿಯನ್ನು ತಂದಳೋ ಎಂದು ಕೇಳಲು ಈಗ ಯಾರೂ ಇಲ್ಲ. ಸರದಿ ಮುರಿಯುವ ಹೆಂಗಸಲ್ಲ ಎಂದು ಅಪ್ಪ ಇದ್ದಿದ್ದರೆ ಹೇಳುತ್ತಿದ್ದರು. ನನಗೆ ಅಷ್ಟು ಖಾತ್ರಿ ಇಲ್ಲ.

ಆದ್ದರಿಂದ, ಎರಡು ಬರಹ ಬೇಡ. ಒಂದೇ ಬರೆಯಿರಿ, ಎರಡೂ ಕಡೆ ಅದನ್ನೇ ಕೊಡಿ. ನಿಮ್ಮ ತಾಯಿಯ ಕೈ ಏನು ಮಾಡುತ್ತಿತ್ತು, ಊಟದ ಡಬ್ಬಿಯಲ್ಲಿ ಏನಿರುತ್ತಿತ್ತು, ಯಾರ ಮೇಲೆ ರೇಗುತ್ತಿದ್ದರು ಎಂದು ಬರೆಯಿರಿ. ಫಲಿತಾಂಶದ ವಾರಗಳಲ್ಲಿ ನನ್ನ ಅವ್ವ ಸಭಾಪಾಲಕರ ಪ್ರಸಂಗದ ಹೊತ್ತಿಗೆ ತೂಕಡಿಸುತ್ತಿದ್ದಳು, ಅಪ್ಪ ಮೊಣಕೈಯಿಂದ ತಿವಿಯುತ್ತಿದ್ದರು. ನಿಮ್ಮಲ್ಲೂ ಅಂಥದ್ದು ಇದ್ದರೆ ಮೊದಲು ಅದನ್ನೇ ಹೇಳಿ. ಜನ ನಗುತ್ತಾರೆ, ನಕ್ಕ ಮೇಲೆ ಉಳಿದದ್ದನ್ನು ನಂಬುತ್ತಾರೆ. ಬರೆಯುವ ಮೊದಲು ಅವರ ಹಳೆಯ ಸಹೋದ್ಯೋಗಿಗಳಲ್ಲಿ ಅತಿ ಕಡಿಮೆ ಸಂಬಳದವರನ್ನು ಹುಡುಕಿ ಒಂದು ಕಪ್ ಚಹಾ ಕುಡಿಸಿ. ಸತ್ಯವೇದದ ಕೊನೆಯ ಹಾಳೆಗಳನ್ನೂ ತಿರುವಿ ನೋಡಿ.

ಪ್ರಶ್ನೆ: ಕುಲಪತಿ, ಕುಲಾಧಿಪತಿ, ಕುಲಸಚಿವ ಎಂದೆಲ್ಲ ಬರೆಯುತ್ತೀರಿ. ಇವರಲ್ಲಿ ಯಾರು ದೊಡ್ಡವರು?
— ಪಿಯುಸಿ ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ಕುಲಾಧಿಪತಿ ಎಂದರೆ ಚಾನ್ಸಲರ್. ನಮ್ಮ ರಾಜ್ಯದ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರೇ ಕುಲಾಧಿಪತಿ. ಘಟಿಕೋತ್ಸವದ ದಿನ ವೇದಿಕೆಯ ಮೇಲೆ ಕಾಣುತ್ತಾರೆ. ಕುಲಪತಿ ಎಂದರೆ ವೈಸ್ ಚಾನ್ಸಲರ್, ದಿನನಿತ್ಯದ ಯಜಮಾನರು. ಕುಲಸಚಿವರು ರಿಜಿಸ್ಟ್ರಾರ್. ರಾಜ್ಯದ ವಿಶ್ವವಿದ್ಯಾಲಯಗಳ 2000ದ ಕಾಯ್ದೆಯ ಪ್ರಕಾರ ಆಡಳಿತಕ್ಕೆ ಒಬ್ಬರು, ಮೌಲ್ಯಮಾಪನಕ್ಕೆ ಒಬ್ಬರು. ಕೈಗೆ ಪದವಿಯ ಅಂಕಪಟ್ಟಿ ಬಾರದಿದ್ದಾಗ ನೀನು ಅರ್ಜಿ ಬರೆಯಬೇಕಾದದ್ದು ಎರಡನೆಯವರಿಗೆ. ದೊಡ್ಡವರು ಯಾರೆಂದು ಕೇಳಿದೆಯಲ್ಲ, ಅರ್ಜಿಯನ್ನು ಒಳಗೆ ತಲುಪಿಸುವವರು ಗುಮಾಸ್ತರು. ಅವರಿಗೆ ನಮಸ್ಕಾರ ಹೇಳುವುದನ್ನು ಮರೆಯಬೇಡ.

ಪ್ರಶ್ನೆ: ನಿಮ್ಮ ತಾಯಿ ಇಂಗ್ಲಿಷ್‌ನಲ್ಲಿ ಪ್ರಾರ್ಥಿಸುತ್ತಿದ್ದರೇ? ಕ್ರೈಸ್ತರ ಮನೆಗಳಲ್ಲಿ ಕನ್ನಡ ಕಡಿಮೆಯಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ಈ ಪ್ರಶ್ನೆ ವರ್ಷಕ್ಕೆ ನಾಲ್ಕು ಸಲ ಬರುತ್ತದೆ, ಅದೂ ಹೆಚ್ಚಾಗಿ ಬೆಂಗಳೂರಿನಿಂದಲೇ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅದೇ ಮಿಶನ್ನಿನ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಆ ನಿಘಂಟು ಈಗ ಯಾರ ಮನೆಯಲ್ಲಿದೆಯೋ ಅವರು ಕನ್ನಡದವರೇ. ಅವ್ವ ಪ್ರಾರ್ಥಿಸಿದ್ದು ಕನ್ನಡದಲ್ಲಿ, ಬೈದದ್ದು ಬೆಟಗೇರಿಯ ಕನ್ನಡದಲ್ಲಿ. ಇಂಗ್ಲಿಷ್ ಇದ್ದದ್ದು ಕಡತದ ಟಿಪ್ಪಣಿಗಳಲ್ಲಿ ಮಾತ್ರ. ಅದು ಆಕೆಯ ಆಯ್ಕೆಯಾಗಿರಲಿಲ್ಲ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಕ್ರೈಸ್ತ ಅಜ್ಜಿ ಹೋದ ತಿಂಗಳು ತೀರಿಕೊಂಡರು. ಇಪ್ಪತ್ತು ವರ್ಷದಿಂದ ಪ್ರತಿ ಕ್ರಿಸ್‌ಮಸ್‌ಗೆ ನಮ್ಮ ಮನೆಗೆ ಕರ್ಜಿಕಾಯಿ, ಚಕ್ಕುಲಿ, ಕೇಕಿನ ತುಂಡು ಇಟ್ಟು ತಟ್ಟೆ ಕಳಿಸುತ್ತಿದ್ದರು. ಕೊನೆಯ ಸಲದ ತಟ್ಟೆ ನಮ್ಮಲ್ಲೇ ಉಳಿದಿದೆ. ಸಾವಿನ ಮನೆಗೆ ಸಿಹಿ ಒಯ್ಯಬಾರದು, ಖಾಲಿ ತಟ್ಟೆಯನ್ನೂ ಕೊಡಬಾರದು. ಏನು ಮಾಡಬೇಕು?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಅವರಲ್ಲಿ ಸೂತಕದ ಲೆಕ್ಕವಿಲ್ಲ, ಹಿಂಜರಿಯಬೇಡಿ. ಅವ್ವ ತೀರಿಕೊಂಡ ಮೂರನೆಯ ವಾರ ನಮ್ಮ ನೆರೆಮನೆಯವರು ಶೇಂಗಾ ಹೋಳಿಗೆ ತಂದಿದ್ದರು. ಬಾಗಿಲಲ್ಲೇ ಅಳುಕುತ್ತ ನಿಂತಿದ್ದರು, ತಂಗಿ ಅವರ ಕೈಹಿಡಿದು ಒಳಗೆ ಕರೆದಳು. ನಿಮ್ಮ ಮನೆಯಲ್ಲಿ ದೀಪಾವಳಿಗೆ ಏನು ಮಾಡಿ ಅಜ್ಜಿಗೆ ಕೊಡುತ್ತಿದ್ದಿರೋ ಅದನ್ನೇ ಮಾಡಿ, ಅದೇ ತಟ್ಟೆಯಲ್ಲಿ ಒಯ್ಯಿರಿ. ತೊಳೆಯುವಾಗ ತಟ್ಟೆಯ ಹಿಂಬದಿ ನೋಡಿ. ನಮ್ಮ ಕಡೆಯ ಹಳೆಯ ಸ್ಟೀಲ್ ತಟ್ಟೆಗಳ ಮೇಲೆ ಅಂಗಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಹಾಕಿಸಿರುತ್ತಾರೆ. ಅಜ್ಜಿಯ ಹೆಸರಿದ್ದರೆ ಕೊಡುವಾಗ ಮಗಳಿಗೆ ಅದನ್ನು ತೋರಿಸಿ. ಅವರು ತಟ್ಟೆ ನಿಮ್ಮಲ್ಲೇ ಇರಲಿ ಎಂದರೆ ಇಟ್ಟುಕೊಳ್ಳಿ.